ಏಳನೇ ನಿಯಮ

"ಹೆಬ್ಬೆಟ್ಟು ಉಳ್ಕೊಂಡಿದೆಯಲ್ಲ, ಮತ್ತೇನು ರೋಗ ನಿಂಗೆ? ಒತ್ತೋ ಬೋಳಿಮಗನೆ!"

ಟೈರ್ ಅಂಗಡಿಯ ಸಾಹುಕಾರರು ಇಷ್ಟು ಅಕ್ಕರೆಯಿಂದ ಮಾತಾಡಿಸಿದ್ದು ನಮ್ಮ ಮನೆಯವರನ್ನು. ಅವರು ಬಲಗೈಗೆ ಬಟ್ಟೆ ಸುತ್ತಿ ಎದೆಗೆ ಆನಿಸಿಕೊಂಡು ನಿಂತಿದ್ದರು. ಆ ಕೈಯಲ್ಲಿ ತೋರುಬೆರಳೂ ನಡುಬೆರಳೂ ಇರಲಿಲ್ಲ. ಹದಿನೇಳು ದಿನದ ಹಿಂದೆ ಇದ್ದವು. ಹೆಬ್ಬೆಟ್ಟು ಮಾತ್ರ ಗಟ್ಟಿಮುಟ್ಟಾಗಿ ಉಳಿದಿತ್ತು ಅನ್ನುವುದು ನಿಜ. ನಮ್ಮ ಸಾಹುಕಾರರು ಅಗತ್ಯ ಬೀಳುವ ತನಕ ಸುಳ್ಳು ಹೇಳುವವರಲ್ಲ.

ಬಿಸಿಲಲ್ಲಿ ನಡೆದು ಬಂದಿದ್ದಕ್ಕೆ ತಲೆ ಸುತ್ತಿತೋ ಏನೋ, ನಮ್ಮ ಮನೆಯವರು ಪಕ್ಕದ ಬೆಂಚಿನ ಮೇಲೆ ಕೂತರು.

"ಏಯ್, ಏಳು ಏಳು. ಅದು ಗಿರಾಕಿ ಕೂರೋ ಬೆಂಚು. ನಿಂತ್ಕೊಂಡು ಒತ್ತಿದ್ರೆ ಮಸಿ ಹಿಡಿಯಲ್ವಾ?"

ಅವರು ಎದ್ದರು. ನಾಲ್ಕು ಮಾರು ದೂರದಲ್ಲಿ ನಾನು ಯಂತ್ರದ ಮುಂದೆ ನಿಂತು ಒಂದು ಕಾರಿನ ಟೈರು ಬಿಚ್ಚುತ್ತಿದ್ದೆ. ನನ್ನ ಕಿವಿ ಕಾದು ಬಿಸಿಯಾಯಿತು. ಆದರೂ ಕೈ ಮಾತ್ರ ಕೆಲಸ ಬಿಡಲಿಲ್ಲ. ಈ ಯಂತ್ರದ ಮುಂದೆ ಸಿಟ್ಟು ಮಾಡಿಕೊಂಡರೆ ನಷ್ಟ ಯಾರಿಗೆ ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ನಾನು ಈ ಅಂಗಡಿಗೆ ಬಂದದ್ದು ಕಾರು ತೊಳೆಯಲು. ಬರುವಾಗ ಕೈಯಲ್ಲಿ ಬಕೆಟ್ ಇತ್ತು, ಹಾಗಾಗಿ ಸಾಹುಕಾರರು ನನಗೆ ಬಕೆಟ್ ಎಂದೇ ಹೆಸರಿಟ್ಟರು. ಐದು ವರ್ಷ ಕಾರು ತೊಳೆಯುತ್ತಾ ಗಂಡ ಟೈರು ಬಿಚ್ಚುವುದನ್ನು ನೋಡಿದೆ. ನೋಡಿ ನೋಡಿ ಕಲಿತೆ. ಅವರ ಬೆರಳು ಹೋದ ಮರುದಿನ ಸಾಹುಕಾರರು, "ಏ ಬಕೆಟ್, ಗಂಡನ ಜಾಗಕ್ಕೆ ನೀನೇ ನಿಂತ್ಕೋ. ಹೇಗೂ ಒಂದೇ ಮನೆ ತಾನೆ" ಅಂದರು. ನಿಂತೆ. ಕಾರು ತೊಳೆಯುವ ಕೆಲಸವೂ ನನ್ನ ಜೊತೆಯಲ್ಲೇ ನಿಂತಿತು.

ಯಂತ್ರಕ್ಕೆ ನಾವು ಇಟ್ಟ ಹೆಸರು ಬೀಗಿತ್ತಿ. ಮಗಳನ್ನು ಕೊಟ್ಟ ಮನೆಯ ಬೀಗಿತ್ತಿಯ ಮುಂದೆ ಹೇಗಿರಬೇಕೋ ಅದರ ಮುಂದೆಯೂ ಹಾಗೇ ಇರಬೇಕು: ಬೆನ್ನು ತೋರಿಸಕೂಡದು, ಸಲಿಗೆ ಕೂಡದು, ಮಾತಿನ ಮಧ್ಯೆ ಕೈ ಹಾಕಕೂಡದು. ಅದರ ಮೇಲುಗಡೆ ಚಕ್ರವನ್ನು ಹಿಡಿದು ತಿರುಗಿಸುವ ತಟ್ಟೆ. ಮಗ್ಗುಲಲ್ಲಿ ಒಂದು ಕಬ್ಬಿಣದ ತೋಳು, ತೋಳಿನ ತುದಿಗೆ ಗುದ್ದಲಿಯಂಥ ಅಲಗು. ಚಕ್ರವನ್ನು ಮಗ್ಗುಲಿಗೆ ಒರಗಿಸಿ ಕೆಳಗಿನ ಪೆಡಲು ತುಳಿದರೆ ತೋಳು ಗಾಳಿಯ ಒತ್ತಡದಲ್ಲಿ ಮುಂದೆ ಬಂದು ರಿಮ್ಮಿಗೆ ಕಚ್ಚಿಕೊಂಡ ಟೈರಿನ ಅಂಚನ್ನು ಒತ್ತಿ ಬಿಡಿಸುತ್ತದೆ. ಕಾಲು ತೆಗೆದರೆ ಪೆಡಲು ಮೇಲೇಳಬೇಕು, ತೋಳು ಹಿಂದೆ ಸರಿಯಬೇಕು. ಏಳಬೇಕು, ಸರಿಯಬೇಕು. ಪೆಡಲಿನ ಸ್ಪ್ರಿಂಗು ಮುರಿದು ಒಂದು ವರ್ಷವಾಗಿತ್ತು.

ಟೈರ್ ಅಂಗಡಿಯಲ್ಲಿ ಏನು ಮುರಿದರೂ ಔಷಧ ಒಂದೇ, ಹಳೇ ಟ್ಯೂಬಿನ ರಬ್ಬರು. ಬಾಗಿಲು ಕಿರುಗುಟ್ಟಿದರೆ ಟ್ಯೂಬು, ಕುರ್ಚಿ ಕಾಲು ಅಲ್ಲಾಡಿದರೆ ಟ್ಯೂಬು, ಪಂಕ್ಚರ್ ಹಾಕುವ ಮಾವನ ಕನ್ನಡಕಕ್ಕೂ ಟ್ಯೂಬು. ಸ್ಪ್ರಿಂಗಿನ ಜಾಗಕ್ಕೂ ಸಾಹುಕಾರರು ಎರಡು ಬೆರಳಗಲದ ಟ್ಯೂಬಿನ ಪಟ್ಟಿ ಕಟ್ಟಿಸಿದರು. ಬೆಳಿಗ್ಗೆ ತಣ್ಣಗಿರುವಾಗ ಅದು ಬಿಗಿಯಾಗಿಯೇ ಇರುತ್ತದೆ. ಬಿಸಿಲೇರಿದಂತೆ ಸಡಿಲಾಗಿ, ತುಳಿದ ಪೆಡಲು ತುಳಿದಲ್ಲೇ ಮಲಗುತ್ತದೆ. ಆಗ ನಾವು ಚಪ್ಪಲಿ ಕಳಚಿ, ಕಾಲಿನ ಹೆಬ್ಬೆರಳನ್ನು ಪೆಡಲಿನಡಿಯ ಸಂದಿಗೆ ತೂರಿಸಿ ಮೇಲೆತ್ತುತ್ತಿದ್ದೆವು. ತುಳಿ, ಎತ್ತು, ತುಳಿ, ಎತ್ತು. ಎಷ್ಟು ರೂಢಿಯಾಗಿತ್ತೆಂದರೆ ನಮ್ಮ ಮನೆಯವರು ನಿದ್ದೆಯಲ್ಲೂ ಕಾಲ್ಬೆರಳು ಎತ್ತುತ್ತಿದ್ದರು.

ಬೆರಳು ಹೋದ ದಿನ ಅವರ ಕಾಲಲ್ಲಿ ಬೂಟು ಇತ್ತು. ಯಾವುದೋ ದೊಡ್ಡ ಕಂಪನಿಯವರು ತಮ್ಮ ವ್ಯಾನುಗಳನ್ನೆಲ್ಲ ನಮ್ಮಲ್ಲಿಗೇ ಕಳಿಸುವ ಮಾತಾಡಲು ಬರುತ್ತಾರೆಂದು ಸಾಹುಕಾರರು ತಮ್ಮ ಮನೆಯ ಹಳೇ ಬೂಟು ತಂದು, "ಚಪ್ಪಲಿ ಕಾಣ್ಬಾರ್ದು, ಹಾಕ್ಕೋ" ಅಂದಿದ್ದರು. ಒಂದು ಸೈಜು ದೊಡ್ಡದು, ಮುಂದುಗಡೆ ಬಂಡೆಯ ಹಾಗೆ ದಪ್ಪ. ಮಧ್ಯಾಹ್ನ ಪೆಡಲು ಮಲಗಿತು. ಇವರು ರೂಢಿಯಂತೆ ಕಾಲ್ಬೆರಳು ಎತ್ತಿದರು. ಬೆರಳು ಬೂಟಿನೊಳಗೇ ಎದ್ದಿತು, ಪೆಡಲು ಏಳಲಿಲ್ಲ. ಕಣ್ಣು ಕಂಪನಿಯವರ ಮೇಲಿತ್ತು. ತೋಳು ಸರಿದಿರುತ್ತದೆ ಎಂದುಕೊಂಡು ಟೈರು ತಿರುಗಿಸಲು ಕೈ ಹಾಕಿದರು.

ಕಂಪನಿಯವರು ಆಮೇಲೆ ಬರಲೇ ಇಲ್ಲ. ಸಾಹುಕಾರರಿಗೆ ಅದೊಂದು ಸಂಕಟ ಇವತ್ತಿಗೂ ಇದೆ.

"ಇನ್ನೂ ಏನೋ ನೋಡ್ತಿದೀಯಾ?" ಎಂದು ಸಾಹುಕಾರರು ಮಸಿ ಡಬ್ಬಿಯನ್ನು ಮೇಜಿಗೆ ಕುಟ್ಟಿದರು. "ನಾಡಿದ್ದು ಇನ್‌ಸ್ಪೆಕ್ಟರ್ ಬರ್ತಾರೆ. ಆ ದರಿದ್ರ ಆಸ್ಪತ್ರೆಯವರು ಲೇಬರ್ ಆಫೀಸಿಗೆ ಬರ್ದು ಹಾಕಿದಾರೆ. ಕಾಗದ ರೆಡಿ ಇರ್ಬೇಕು."

ಯಂತ್ರದ ಗಾಳಿ ಬಂದ್ ಮಾಡಿ ನಾನು ಹತ್ತಿರ ಹೋದೆ.

"ಸಾಹುಕಾರ್ರೇ, ಇವ್ರ ಹೆಬ್ಬೆಟ್ಟಿಗೆ ಮುಲಾಮು ಹಚ್ಚಿದೆ. ಈಗ ಒತ್ತಿದ್ರೆ ಕಾಗದಕ್ಕೆ ಜಿಡ್ಡು ಹಿಡಿಯುತ್ತೆ. ಮನೇಲಿ ತೊಳ್ದು ನಾನೇ ಒತ್ತಿಸಿಕೊಂಡು ಬರ್ತೀನಿ."

ಸಾಹುಕಾರರು ಮುಲಾಮಿನ ಕೈ ನೋಡಿದರು, ಕಾಗದ ನೋಡಿದರು. ಅವರಿಗೆ ಕಾಗದದ ಮೇಲೆ ಪ್ರೀತಿ ಹೆಚ್ಚು.

"ನಾಡಿದ್ದು ಬೆಳಿಗ್ಗೆ ನನ್ನ ಮೇಜಿನ ಮೇಲಿರ್ಬೇಕು. ಇಲ್ದಿದ್ರೆ ಗಂಡ ಹೆಂಡ್ತಿ ಇಬ್ರೂ ಬಕೆಟ್ ತಗೊಂಡು ಬೀದೀಲಿ ನಿಂತ್ಕೊಳಿ."

ನಮ್ಮದು ಒಂದೇ ಕೋಣೆ, ಒಂದೇ ಕಿಟಕಿ. ಕಿಟಕಿಯ ಪಕ್ಕ ನಮ್ಮತ್ತೆಯ ಜಾಗ. ಕಣ್ಣು ಮಂಜಾದ ಮೇಲೆ ಅತ್ತೆಗೆ ಇಡೀ ಲೋಕವೇ ಕಿವಿಯಿಂದ ಕಾಣಬೇಕು. ಸಂಜೆ ನಾನು ಕಾಗದ ತೆಗೆದ ಸದ್ದಿಗೇ ಕೇಳಿದರು, "ಏನದು? ಓದು, ಜೋರಾಗಿ ಓದು."

ನಾನು ಏಳನೇ ಕ್ಲಾಸಿನ ತನಕ ಕಲಿತವಳು. ಓದಿದೆ. ಮೇಲೆ ಹತ್ತು ನಿಯಮಗಳು. ಅವುಗಳ ಕೆಳಗೆ ಹೀಗಿತ್ತು: "ಮೇಲ್ಕಂಡ ನಿಯಮಗಳನ್ನು ನನಗೆ ಓದಿ ಹೇಳಲಾಗಿದೆ. ಯಂತ್ರವು ಸುಸ್ಥಿತಿಯಲ್ಲಿದೆ. ನನ್ನ ಕೈಗೆ/ಕಾಲಿಗೆ/ಕಣ್ಣಿಗೆ (ಬೇಡವಾದದ್ದನ್ನು ಹೊಡೆದುಹಾಕಿ) ಆದ ಪೆಟ್ಟು ನನ್ನದೇ ಅಜಾಗರೂಕತೆಯಿಂದ ಆದದ್ದು. ಇದಕ್ಕೆ ಬೇರೆ ಯಾರೂ ಹೊಣೆಯಲ್ಲ. ಇಂತಿ." ಇಂತಿ ಆದ ಮೇಲೆ ಹೆಸರಿಗೆ ಖಾಲಿ ಗೆರೆ. ಸಾಹುಕಾರರ ಮೇಜಿನ ಮೇಲೆ ಇಂಥವೇ ಕಾಗದಗಳ ಒಂದು ಕಟ್ಟು ಇದ್ದದ್ದು ಆಗ ನನಗೆ ನೆನಪಾಯಿತು.

ಅತ್ತೆ ಕಿಟಕಿ ಬಿಟ್ಟು ನನ್ನ ಕಡೆಗೆ ತಿರುಗಿದರು.

"ಕಾಲೂ ಬರ್ದಿದಾನಾ? ಕಣ್ಣೂ? ಇವನ ಮನೆ ಹಾಳಾಗ! ಮುಂದಿನ ಸಲಕ್ಕೂ ಸೇರಿಸಿ ಅಚ್ಚು ಹಾಕ್ಸಿದಾನಲ್ಲೇ!"

ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ನಮ್ಮ ಮನೆಯವರು ನಗಲಿಲ್ಲ. ಎಡಗೈಯಲ್ಲಿ ಅನ್ನ ಕಲಸುತ್ತಾ ತಟ್ಟೆ ನೋಡುತ್ತಲೇ ಹೇಳಿದರು, "ಒತ್ತಿಬಿಡ್ತೀನಿ ಬಿಡು. ಬೆರಳೇನು ವಾಪಸ್ ಬರ್ತಾವಾ? ನಿನ್ ಕೆಲಸಾನಾದ್ರೂ ಉಳೀಲಿ."

"ಒತ್ತಿದ್ರೆ ತಪ್ಪು ನಿಮ್ದೇ ಅಂತ ಆಗುತ್ತೆ ಕಣ್ರೀ. ನಿಮ್ ಕೆಲಸ ಹೋಯ್ತು. ಇನ್ನೊಂದು ಅಂಗಡಿಗೆ ಹೋದ್ರೆ ಈ ಕಾಗದ ನಿಮಗಿಂತ ಮೊದಲು ಅಲ್ಲಿಗೆ ಹೋಗಿರುತ್ತೆ. ಯಂತ್ರದ ತಪ್ಪು ಅಂತ ಆದ್ರೆ ಅವ್ರೇ ಕೈ ವಾಸಿ ಮಾಡಿಸ್ಬೇಕು, ಬೇರೆ ಕೆಲಸ ಕೊಟ್ಟು ಇಟ್ಕೋಬೇಕು. ಆಸ್ಪತ್ರೆ ನರ್ಸ್ ಹೇಳಿದ್ದು ಮರ್ತೋಯ್ತಾ?"

"ನಾನು ನೋಡ್ದೇ ಕೈ ಹಾಕಿದ್ದು ಸುಳ್ಳಾ?"

ಹದಿನೇಳು ದಿನದಿಂದ ಈ ಮಾತು ಅವರ ಹೊಟ್ಟೆಯಲ್ಲಿತ್ತು ಎಂದು ನನಗೆ ಆಗ ಗೊತ್ತಾಯಿತು. ಬೆರಳು ತೆಗೆದುಕೊಂಡದ್ದೇ ಅಲ್ಲದೆ ತಪ್ಪನ್ನೂ ಇವರ ತಲೆಯೊಳಗೆ ಇಟ್ಟು ಕಳಿಸಿದ್ದಾರೆ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮೊದಲು ಬಂದದ್ದರಿಂದ ಅಳಲು ಪುರುಸೊತ್ತಾಗಲಿಲ್ಲ. ಕಾಗದವನ್ನು ಮತ್ತೆ ಮೊದಲಿನಿಂದ ಓದಿದೆ, ಒಂದೊಂದೇ ನಿಯಮ. ಏಳಕ್ಕೆ ಬಂದಾಗ ನಿಂತೆ.

"ರೀ, ನಿಯಮ ಓದಿ ಹೇಳಿದೀವಿ ಅಂತಾರೆ ತಾನೆ? ಪಾಪ, ಅವ್ರ ಮಾತು ಯಾಕೆ ಸುಳ್ಳು ಮಾಡೋಣ? ನಾಡಿದ್ದು ನಿಯಮದ ಪ್ರಕಾರಾನೇ ಕೆಲಸ ಮಾಡ್ತೀನಿ. ಹತ್ತಕ್ಕೆ ಹತ್ತೂ."

"ನಿನಗೇನು ತಲೆ ಕೆಟ್ಟಿದೆಯಾ?"

"ಆ ಬೂಟು ಎಲ್ಲಿಟ್ಟಿದೀರಿ?" ಅಂದೆ.

ಇನ್‌ಸ್ಪೆಕ್ಟರ್ ಬರುವ ದಿನ ಬೆಳಿಗ್ಗೆ ನಾನು ಅಂಗಡಿ ಹೊಕ್ಕಾಗ ಪಂಕ್ಚರ್ ಮಾವ ತನ್ನ ಪೆಟ್ಟಿಗೆಯ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ. ಯಾರಿಗೂ ಸ್ವಂತ ಮಾವನಲ್ಲ, ಎಲ್ಲರಿಗೂ ಮಾವ. ಮೂವತ್ತು ವರ್ಷದಿಂದ ಸನ್ನೆಕೋಲಿನಲ್ಲಿ ಕೈಯಿಂದಲೇ ಟೈರು ಎಬ್ಬಿಸುತ್ತಿದ್ದವನನ್ನು ಬೀಗಿತ್ತಿ ಬಂದ ಮೇಲೆ ಮೂಲೆಗೆ ತಳ್ಳಿದ್ದರು. ನನ್ನ ಕಾಲು ನೋಡಿ ಅವನ ಬೀಡಿ ಬಾಯಿಂದ ಜಾರಿತು. ಬೂಟಿನೊಳಗೆ ಬಟ್ಟೆ ತುರುಕಿ, ಲೇಸನ್ನು ಎರಡು ಸುತ್ತು ಸುತ್ತಿ, ಮೂರು ಗಂಟು ಹಾಕಿದ್ದೆ. ಕಿವಿಯೋಲೆ ಬಿಚ್ಚಿಟ್ಟಿದ್ದೆ. ಕೂದಲನ್ನು ಬಟ್ಟೆಯೊಳಗೆ ಕಟ್ಟಿದ್ದೆ.

"ಎಲ್ಲಿಗಮ್ಮಾ, ಯುದ್ಧಕ್ಕಾ?"

"ಕೆಲಸಕ್ಕೆ, ಮಾವ. ನಿನ್ ಹಳದಿ ಬಳಪ ಕೊಡು."

ಟೈರಿಗೆ ಗುರುತು ಹಾಕುವ ಬಳಪದಿಂದ ಬೀಗಿತ್ತಿಯ ಸುತ್ತ ನಾಲ್ಕು ಹೆಜ್ಜೆ ದೂರಕ್ಕೆ ಗೆರೆ ಎಳೆದೆ. ಮೇಲೆ ಗೋಡೆಯಲ್ಲಿ ಹತ್ತು ನಿಯಮಗಳ ಬೋರ್ಡು ಹೊಳೆಯುತ್ತಿತ್ತು. ಯಂತ್ರದ ಜೊತೆಗೇ ಬಂದ ಬೋರ್ಡು ಅದು. ಮೂರು ವರ್ಷ ಗಾಳಿ ಕಂಪ್ರೆಸರ್ ಹಿಂದೆ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಇವರ ಬೆರಳು ಹೋದ ಮರುದಿನ ಅದರ ಧೂಳು ಒರೆಸಿ ಮೊಳೆ ಹೊಡೆದಿದ್ದರು. ಒರೆಸಿದವಳು ನಾನೇ.

ಮೊದಲ ಗಿರಾಕಿ ಒಬ್ಬ ಟ್ಯಾಕ್ಸಿಯವನು. ಚಕ್ರ ಉರುಳಿಸಿಕೊಂಡು ನೇರ ಯಂತ್ರದ ಹತ್ತಿರ ಬಂದ.

"ಅಣ್ಣಾ, ಗೆರೆಯಿಂದ ಆಚೆ ನಿಂತ್ಕೊಳಿ. ನಿಯಮ ಐದು."

"ಏನಕ್ಕಾ, ಹೊತ್ತಾಯ್ತು, ಬಾಡಿಗೆ ಹಿಡೀಬೇಕು."

"ಬೆರಳು ಇದ್ರೆ ತಾನೆ ಸ್ಟೇರಿಂಗ್ ಹಿಡಿಯೋದು? ಆಚೆ."

ವಾಲ್ವಿನ ಪಿನ್ನು ಬಿಚ್ಚಿ ಗಾಳಿ ಬಿಟ್ಟೆ. ಮಾಮೂಲಿ ದಿನ ಅರ್ಧ ಗಾಳಿಗೇ ಅಲಗು ಹಚ್ಚುತ್ತಿದ್ದೆವು, ಸಾಹುಕಾರರು ಗಡಿಯಾರ ನೋಡುತ್ತಿದ್ದರಲ್ಲ. ಇವತ್ತು ಕೊನೆಯ ಉಸಿರಿನ ತನಕ ಕಾದೆ. ಸುಂಯ್ ಅನ್ನುವುದು ನಿಂತ ಮೇಲೆ ಟೈರನ್ನು ಮೊಣಕಾಲಿಂದ ಒತ್ತಿ ನೋಡಿದೆ. ಚಕ್ರ ಒರಗಿಸಿದೆ, ಎರಡೂ ಕೈಯನ್ನು ಹಿಡಿಕೆಯ ಮೇಲಿಟ್ಟೆ, ಪೆಡಲು ತುಳಿದೆ, ಕಾಲು ತೆಗೆದೆ, ಪೆಡಲು ಎದ್ದದ್ದನ್ನು ಬಗ್ಗಿ ನೋಡಿದೆ, ತೋಳು ಪೂರ್ತಿ ಸರಿದದ್ದನ್ನು ನೋಡಿದೆ, ಆಮೇಲಷ್ಟೇ ಚಕ್ರ ಮುಟ್ಟಿದೆ. ಹೊಸ ಟೈರು ಕೂರಿಸಿ ಗಾಳಿ ತುಂಬುವಾಗ ಕೈಯಳತೆ ದೂರ ನಿಂತು, ಸ್ವಲ್ಪ ತುಂಬಿ, ನಿಲ್ಲಿಸಿ, ಒತ್ತಡದ ಮುಳ್ಳು ನೋಡಿ, ಮತ್ತೆ ಸ್ವಲ್ಪ ತುಂಬಿದೆ. ಅಂಚು ಟಪ್ಪೆಂದು ರಿಮ್ಮಿಗೆ ಕೂತಾಗ ಟ್ಯಾಕ್ಸಿಯವನು ಬೆಚ್ಚಿ ಎರಡು ಹೆಜ್ಜೆ ಹಿಂದೆ ಹೋದ.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಹೆದರಿಕೆ ಇಲ್ಲದೆ ಟೈರು ಬಿಚ್ಚುವುದು ಎಷ್ಟು ಚೆಂದದ ಕೆಲಸ! ಕೈ ನನ್ನದು, ಸಮಯ ನನ್ನದು. ಒಂದು ಹಾಡು ಗುನುಗುವುದಷ್ಟೇ ಬಾಕಿ.

ಹತ್ತು ನಿಮಿಷದ ಕೆಲಸಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಬಾಗಿಲಲ್ಲಿ ಆರು ವಾಹನ ಸಾಲುಗಟ್ಟಿದವು. ಹಾರನ್ನು ಶುರುವಾಯಿತು. ಸಾಹುಕಾರರು ಒಳಗಿಂದ ಹಾರಿ ಬಂದರು.

"ಏ ಬಕೆಟ್! ಏನ್ ಮದುವೆ ಶಾಸ್ತ್ರ ಮಾಡ್ತಿದೀಯೇನೇ?"

"ಗೆರೆಯಿಂದ ಆಚೆ, ಸಾಹುಕಾರ್ರೇ. ನಿಯಮ ಐದು."

"ನನ್ನ ಅಂಗಡೀಲಿ ನನಗೇ ಗೆರೆ ಎಳೀತೀಯಾ, ಮುಂಡೆ?"

"ಬೋರ್ಡು ನಿಮ್ದೇ ಅಲ್ವಾ? ಓದಿ ಹೇಳಿದೀವಿ ಅಂತ ಕಾಗದದಲ್ಲಿದೆ. ನಿಯಮ ಸುಳ್ಳಾದ್ರೆ ಕಾಗದಾನೂ ಸುಳ್ಳಾಗುತ್ತಲ್ಲ, ಅದಕ್ಕೆ."

ಟ್ಯಾಕ್ಸಿಯವನಿಗೆ ಇಷ್ಟರಲ್ಲಿ ಮಜಾ ಹತ್ತಿತ್ತು. ಚಕ್ರ ಸಿಕ್ಕಿದ್ದರೂ ಹೋಗದೆ, ಬೋರ್ಡಿನ ಕೆಳಗೆ ನಿಂತು ಜೋರಾಗಿ ಓದತೊಡಗಿದ. "ನಿಯಮ ಒಂದು, ಯಂತ್ರ ನಡೆಸುವವರು ಉಂಗುರ, ಸರ ಇತ್ಯಾದಿ ಧರಿಸಬಾರದು! ನಿಯಮ ಎರಡು, ಬೂಟು ಧರಿಸಬೇಕು!" ಸಾಲಿನಲ್ಲಿದ್ದವರು ಕಾಯುವ ಬೇಸರಕ್ಕೆ ಬಂದು ಸುತ್ತ ನಿಂತರು. ಗೆರೆಯಿಂದ ಆಚೆಗೇ.

ಸಾಹುಕಾರರು ಹಲ್ಲು ಕಡಿದು ಸಣ್ಣ ದನಿಯಲ್ಲಿ, "ಕಾಗದ ಎಲ್ಲಿ?" ಅಂದರು.

"ಇವ್ರು ತರ್ತಿದಾರೆ."

ಹನ್ನೆರಡಾಯಿತು. ಬಿಸಿಲಿನ ಕಾವು ತಗಡಿನ ಮಾಡಿನಿಂದ ಒಳಗಿಳಿಯಿತು. ನಾಲ್ಕನೇ ಟೈರಿಗೆ ಪೆಡಲು ಏಳಲು ಸೋಮಾರಿತನ ಮಾಡಿತು. ಐದನೆಯದು ಇನ್‌ಸ್ಪೆಕ್ಟರ್ ಸಾಹೇಬರ ಜೀಪಿನ ಚಕ್ರ.

ಅವರು ವಿಚಾರಣೆಗೆ ಬಂದವರು. ಬಂದ ಕೈಯಲ್ಲೇ ಸವೆದ ಟೈರೊಂದನ್ನು ಪುಕ್ಕಟೆ ಬದಲಾಯಿಸಿಕೊಂಡು ಹೋಗುವುದು ಅವರ ಪದ್ಧತಿ. ಸಾಲನ್ನು ಬದಿಗೆ ಸರಿಸಿ ಜೀಪನ್ನು ಒಳಗೆ ಬಿಡಿಸಿ, ಸಾಹುಕಾರರು ಸ್ವತಃ ಜ್ಯಾಕ್ ಹಾಕಿ ಚಕ್ರ ಬಿಚ್ಚಿದರು. ಜೀಪು ಮೂರು ಕಾಲಿನಲ್ಲಿ ನಿಂತಿತು. ಇನ್‌ಸ್ಪೆಕ್ಟರ್ ಗಿರಾಕಿಗಳ ಬೆಂಚಿನ ಮೇಲೆ ಕಾಲು ಚಾಚಿ ಕೂತರು. ಅದೇ ಹೊತ್ತಿಗೆ ನಮ್ಮ ಮನೆಯವರು ಬಂದು ಬಾಗಿಲ ಹತ್ತಿರ ನಿಂತರು. ಎಡಗೈಯಲ್ಲಿ ಕಾಗದ ಮಡಿಸಿ ಹಿಡಿದಿದ್ದರು. ಹೆಬ್ಬೆಟ್ಟು ತೊಳೆದು ಸ್ವಚ್ಛವಾಗಿತ್ತು.

"ಇವನೇ ಏನ್ರೀ? ನೋಡ್ಕೊಂಡು ಕೆಲಸ ಮಾಡೋಕೆ ಏನಾಗಿತ್ತಯ್ಯಾ? ಕಣ್ಣೆಲ್ಲಿತ್ತು?" ಎಂದರು ಇನ್‌ಸ್ಪೆಕ್ಟರ್. ವಿಚಾರಣೆ ಅಲ್ಲಿಗೆ ಮುಗಿಯಿತು.

ನಾನು ಜೀಪಿನ ಚಕ್ರದ ಗಾಳಿ ಪೂರ್ತಿ ಬಿಟ್ಟು, ಒರಗಿಸಿ, ಖಾಲಿ ಪೆಡಲನ್ನು ಒಂದು ಸಲ ತುಳಿದು ನೋಡಿದೆ. ಕಾಲು ತೆಗೆದೆ. ಪೆಡಲು ಮಲಗಿತು. ಸ್ವಲ್ಪ ಹೊತ್ತು ಬಿಟ್ಟು, ಬೇಸರದಿಂದ ಎದ್ದಿತು. ನಾನು ಗಾಳಿಯ ತಿರುಪು ತಿರುಗಿಸಿ ಬಂದ್ ಮಾಡಿದೆ.

"ಸಾಹುಕಾರ್ರೇ, ಪೆಡಲು ಸರಿಯಾಗಿ ಏಳ್ತಿಲ್ಲ. ನಿಯಮ ಏಳು."

ಟ್ಯಾಕ್ಸಿಯವನು ಕಾಯುತ್ತಲೇ ಇದ್ದ. "ನಿಯಮ ಏಳು! ಪೆಡಲು ತಾನಾಗಿ ಮೇಲೆ ಬಾರದಿದ್ದರೆ ಕೂಡಲೇ ಗಾಳಿ ಬಂದ್ ಮಾಡಿ, ಮಾಲೀಕರಿಗೆ ತಿಳಿಸಬೇಕು! ದುರಸ್ತಿಯಾಗುವವರೆಗೆ ಯಂತ್ರವನ್ನು ಬಳಸಕೂಡದು!"

ಇನ್‌ಸ್ಪೆಕ್ಟರ್ ಹುಬ್ಬೇರಿಸಿದರು. ಸಾಹುಕಾರರ ಮುಖದ ಬಣ್ಣ ಬದಲಾಯಿತು.

"ಸುಳ್ಳು ಸಾರ್! ಇವಳು ಕಾಲು ಕೆರ್ಕೊಂಡು ಜಗಳಕ್ಕೆ ಬರ್ತಿದಾಳೆ. ಮಷಿನ್ ಹೊಸದು, ಬೆಣ್ಣೆ ಇದ್ದಂಗಿದೆ. ನಾನೇ ತೋರಿಸ್ತೀನಿ ನೋಡಿ. ಸರಿಯೇ ಆಚೆ!"

ಗೆರೆ ದಾಟಿ ಬಂದು ಗಾಳಿಯ ತಿರುಪನ್ನು ತಾವೇ ಬಿಟ್ಟರು. ನಾನು ಸರಿದು ತಿರುಪಿನ ಪಕ್ಕದಲ್ಲೇ ನಿಂತೆ.

"ಸಾಹುಕಾರ್ರೇ, ಉಂಗುರ ತೆಗೀರಿ. ನಿಯಮ ಒಂದು."

"ಮುಚ್ಚೇ ಬಾಯಿ!"

ಯಂತ್ರ ಕೊಂಡವರು ಅವರು, ನಡೆಸಿದವರು ನಾವು. ಮೂರು ವರ್ಷದಲ್ಲಿ ಅವರು ಬೀಗಿತ್ತಿಯನ್ನು ಮುಟ್ಟಿದ್ದು ಪೂಜೆಯ ದಿನ ಮಾತ್ರ. ಅಲಗು ಹಚ್ಚಿ, ಜೋರಾಗಿ ಪೆಡಲು ತುಳಿದರು. ಟೈರಿನ ಅಂಚು ಪಕ್ಕೆಂದು ಬಿಟ್ಟುಕೊಂಡಿತು. ಕಾಲು ತೆಗೆದು, ಇನ್‌ಸ್ಪೆಕ್ಟರ್ ಕಡೆಗೆ ಕತ್ತು ತಿರುಗಿಸಿ, "ನೋಡಿದ್ರಾ ಸಾರ್?" ಎನ್ನುತ್ತಾ ಟೈರು ತಿರುಗಿಸಲು ಕೈ ಹಾಕಿದರು. ಥೇಟ್ ನಮ್ಮ ಮನೆಯವರ ಹಾಗೆಯೇ. ಪೆಡಲು ಮಲಗಿತ್ತು. ಚಕ್ರ ಜಾರಿತು, ಅಲಗು ಬಂತು.

ನಾನು ತಿರುಪು ತಿರುಗಿಸಿದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಬೇರೆ ಬೇರೆ ರೀತಿ ಕತೆ ಹಬ್ಬಿತು. ಒಂದು ಕ್ಷಣವೂ ಯೋಚಿಸಲಿಲ್ಲ. ಬೆರಳು ಹೋಗುವ ಸದ್ದು ಹೇಗಿರುತ್ತದೆಂದು ನನಗೆ ಗೊತ್ತು, ಅದನ್ನು ಇನ್ನೊಂದು ಸಲ ಕೇಳುವ ಆಸೆ ನನಗಿರಲಿಲ್ಲ.

ತೋಳು ನಿಂತಿತು. ಸಾಹುಕಾರರ ಉಂಗುರ ಅಲಗಿಗೂ ರಿಮ್ಮಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು. ಉಂಗುರದೊಳಗೆ ಬೆರಳು ಕ್ಷೇಮವಾಗಿತ್ತು, ಅಲ್ಲಾಡುವಂತಿರಲಿಲ್ಲ ಅಷ್ಟೇ. ಅವರು ಕೂಗಿದ ಕೂಗಿಗೆ ಸಾಲಿನಲ್ಲಿದ್ದ ಹಾರನ್ನುಗಳೆಲ್ಲ ನಿಂತವು. ಗಾಬರಿಯಲ್ಲಿ ಪೆಡಲನ್ನು ಮತ್ತೆ ಮತ್ತೆ ತುಳಿದರು.

"ತುಳಿಯೋದಲ್ಲ ಸಾಹುಕಾರ್ರೇ, ಎತ್ಬೇಕು. ಪೆಡಲು ಎದ್ರೆ ತಾನೆ ಒಳಗಿನ ಗಾಳಿ ಹೋಗಿ ತೋಳು ಬಿಡೋದು?"

"ಎತ್ತೇ ಮತ್ತೆ! ಎತ್ತೇ!"

"ಎತ್ತುತ್ತಿದ್ದೆ. ಕಾಲ್ಬೆರಳಿಗೆ ಮಾತ್ರ ದಾರಿ ಇರೋದು, ನಾನು ಬೂಟು ಹಾಕಿದೀನಿ. ನಿಯಮ ಎರಡು. ನಿಮ್ಮನೇದೇ ಬೂಟು. ಬಿಚ್ತೀನಿ, ತಾಳಿ."

ನೆಲದ ಮೇಲೆ ಕೂತು ಲೇಸಿಗೆ ಕೈ ಹಾಕಿದೆ. ಮೂರು ಗಂಟು. ಬೆಳಿಗ್ಗೆ ಹಾಕುವಾಗ ಇಷ್ಟು ಬಿಗಿಯಾಗುತ್ತವೆ ಅಂದುಕೊಂಡಿರಲಿಲ್ಲ. ಮಾವ ತನ್ನ ಪೆಟ್ಟಿಗೆಯ ಮೇಲೆ ಕೂತಲ್ಲಿಂದಲೇ, "ನಿಧಾನ, ಮಗಳೇ, ಉಗುರು ಕಿತ್ತೀತು" ಅಂದ.

ಮೊದಲನೇ ಗಂಟು ಬಿಚ್ಚುವಾಗ ನನ್ನ ಪಕ್ಕದಲ್ಲಿ ಎರಡು ಚಪ್ಪಲಿ ಕಾಣಿಸಿದವು. ನಮ್ಮ ಮನೆಯವರು ಗೆರೆ ದಾಟಿ ಬಂದಿದ್ದರು. ಹದಿನೇಳು ದಿನ, ಅಲ್ಲ, ಹತ್ತೊಂಬತ್ತನೇ ದಿನ ಅವರು ಬೀಗಿತ್ತಿಯ ಎದುರಿಗೆ ನಿಂತಿದ್ದರು. ಸಿಕ್ಕಿಬಿದ್ದ ಆ ಕೈಯನ್ನು ನೋಡಿದರು. ಮಲಗಿದ ಪೆಡಲನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಓ," ಅಂದರು, ತಮಗೆ ತಾವೇ. "ಹೀಗಾ ಆಗಿದ್ದು."

ಆಮೇಲೆ ಎಡಗೈಯಿಂದ ಕಾಗದ ಕೊಡವಿ ಬಿಡಿಸಿದರು. ಸಾಹುಕಾರರ ಹೆಬ್ಬೆಟ್ಟು ಟೈರಿನ ಕಪ್ಪು ಮೆತ್ತಿಕೊಂಡು ಗಾಳಿಯಲ್ಲಿ ಆಡುತ್ತಿತ್ತು. ಅದರ ಕೆಳಗೆ, ರಿಮ್ಮಿಗೆ ಆನಿಸಿ, ಕಾಗದ ಹಿಡಿದರು.

"ಹೆಬ್ಬೆಟ್ಟು ಉಳ್ಕೊಂಡಿದೆಯಲ್ಲ, ಸಾಹುಕಾರ್ರೇ," ಎಂದರು. ಬೈಗುಳ ಸೇರಿಸಲಿಲ್ಲ. ಅವರಿಗೆ ಮೊದಲಿಂದಲೂ ಬೈಯಲು ಬರುವುದಿಲ್ಲ. "ಒತ್ತಿ."

"ಲೇ, ನಿನ್ನ..."

"ಒತ್ತಿ. ನೀವು ನಿಂತ್ಕೊಂಡೇ ಇದೀರಿ."

ನಾನು ಗಂಟು ಬಿಚ್ಚುವುದನ್ನು ಮರೆತು ಗಂಡನ ಮುಖ ನೋಡಿದೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಇಂಥ ಗಂಡಸು ಮನೆಯಲ್ಲಿದ್ದಾನೆಂದು ನನಗೆ ಯಾರೂ ಹೇಳಿರಲಿಲ್ಲ.

ಸಾಹುಕಾರರು ಒತ್ತಿದರು. ಬಿಡುಗಡೆಯಾಗುವುದಾದರೆ ಆ ಹೊತ್ತಿನಲ್ಲಿ ಅವರು ತೆಂಗಿನಕಾಯಿಯ ಮೇಲೂ ಒತ್ತುತ್ತಿದ್ದರು. ಕೊನೆಯ ಗಂಟು ಬಿಚ್ಚಿ, ಬೂಟು ಕಳಚಿ, ನಾನು ಕಾಲ್ಬೆರಳಿಂದ ಪೆಡಲು ಎತ್ತಿದೆ. ಸುಂಯ್ ಎಂದು ಗಾಳಿ ಹೋಗಿ ತೋಳು ಸಡಿಲವಾಯಿತು.

ಟ್ಯಾಕ್ಸಿಯವನು ಕಾಗದ ಇಸಿದುಕೊಂಡು ಬೋರ್ಡು ಓದಿದ ಗತ್ತಿನಲ್ಲೇ ಓದಿದ. "ನಿಯಮಗಳನ್ನು ನನಗೆ ಓದಿ ಹೇಳಲಾಗಿದೆ! ನನ್ನ ಕೈಗೆ ಆದ ಪೆಟ್ಟು ನನ್ನದೇ ಅಜಾಗರೂಕತೆಯಿಂದ ಆದದ್ದು! ಇಂತಿ..." ಖಾಲಿ ಗೆರೆಯ ಮೇಲೆ ಕಪ್ಪಗೆ, ದುಂಡಗೆ, ಒಂದು ಸುತ್ತೂ ತಪ್ಪದ ಹೆಬ್ಬೆಟ್ಟು. ಜನ ನಗುವ ರಭಸಕ್ಕೆ ಯಾರದೋ ಹಾರನ್ನು ತಾನಾಗಿ ಕೂಗಿತು.

"ನಾಳೆಯಿಂದ ನಿಮ್ಮಿಬ್ರಿಗೂ ಕೆಲಸ ಇಲ್ಲ, ಬೇವರ್ಸಿಗಳಾ!" ಸಾಹುಕಾರರು ಬೆರಳನ್ನು ಬಾಯಲ್ಲಿಟ್ಟುಕೊಂಡೇ ಕೂಗಿದರು.

"ನಾಳೇದು ನಾಳೆ. ಇವತ್ತು ಇದೆಯಲ್ಲ," ಅಂದೆ. ಬಗ್ಗಿ ಪೆಡಲಿನ ಟ್ಯೂಬಿನ ಪಟ್ಟಿಯನ್ನು ಬಿಚ್ಚಿದೆ. ಸವೆದು, ಎಣ್ಣೆ ಕುಡಿದು, ನಾಲಗೆಯ ಹಾಗೆ ಜೋತುಬಿದ್ದಿತ್ತು. ಕಾಗದದ ಜೊತೆ ಅದನ್ನೂ ಇನ್‌ಸ್ಪೆಕ್ಟರ್ ತೊಡೆಯ ಮೇಲಿಟ್ಟೆ.

ಅವರು ಎದ್ದು ನಿಂತರು. "ಇದೆಲ್ಲ ದಾಖಲೆಗೆ ಬರಲ್ಲಮ್ಮ. ತಮಾಷೆ ಸಾಕು. ನನ್ನ ಚಕ್ರ ಹಾಕಿಕೊಡಿ, ನಾನು ಹೊರಡ್ಬೇಕು."

"ಹೇಗೆ ಹಾಕೋದು ಸಾರ್? ದುರಸ್ತಿಯಾಗೋ ತನಕ ಯಂತ್ರ ಬಳಸಕೂಡದು. ಪೆಡಲು ಕೆಟ್ಟಿದೆ, ಅದಕ್ಕೇ ಈ ಮನುಷ್ಯನ ಬೆರಳು ಹೋಯ್ತು ಅಂತ ನೀವು ಬರೀರಿ. ಬರೆದ್ರೆ ಹೊಸ ಸ್ಪ್ರಿಂಗ್ ತರಿಸ್ತಾರೆ. ತರಿಸಿದ ಕೂಡ್ಲೇ ಹಾಕಿಕೊಡ್ತೀನಿ."

"ಸ್ಟೆಪ್ನಿ ಹಾಕ್ರೀ!"

"ನಿಮ್ ಸ್ಟೆಪ್ನಿ ಪಂಕ್ಚರಾಗಿ ಆರು ತಿಂಗಳಾಯ್ತಲ್ಲ ಸಾರ್. ಹೋದ ಸಲ ಪುಕ್ಕಟೆ ಟೈರಿಗೆ ಬಂದಾಗ್ಲೇ ಹೇಳಿದ್ದೆ."

ಇನ್‌ಸ್ಪೆಕ್ಟರ್ ಮಾವನ ಕಡೆ ತಿರುಗಿದರು. "ಏ ಮುದುಕ, ನೀನು ಕೈಯಲ್ಲಿ ಬಿಚ್ಚಿ ಹಾಕ್ತೀಯಂತಲ್ಲ? ಬಾ."

"ಹಾಕ್ತಿದ್ದೆ ಸ್ವಾಮಿ," ಎಂದ ಮಾವ, ಸನ್ನೆಕೋಲುಗಳಿದ್ದ ಪೆಟ್ಟಿಗೆಯ ಮೇಲೆ ಇನ್ನಷ್ಟು ಅಗಲವಾಗಿ ಕೂರುತ್ತಾ. "ಸನ್ನೆಕೋಲು ಎಲ್ಲೋ ಕಳ್ದೋಗಿದಾವೆ. ಬೆಳಿಗ್ಗೆಯಿಂದ ಹುಡುಕ್ತಾನೇ ಇದೀನಿ."

ಜೀಪು ಮೂರು ಕಾಲಿನಲ್ಲಿ ನಿಂತಿತ್ತು. ಇನ್‌ಸ್ಪೆಕ್ಟರ್ ಅದರ ಮುಂದಿನ ಸೀಟಿಗೆ ಹೋಗಿ ಕೂತರು. ಒಂದು ಮಗ್ಗುಲಿಗೆ ವಾಲಿ, ತೊಡೆಯ ಮೇಲೆ ಫೈಲು ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದರು. ಮುಚ್ಚಿದರು. ಸಾಹುಕಾರರನ್ನು ನೋಡಿದರು. ಮತ್ತೆ ತೆಗೆದರು.

ನಮ್ಮ ಮನೆಯವರು ಗಿರಾಕಿಗಳ ಬೆಂಚಿನ ಧೂಳು ಒರೆಸಿ ಕೂತರು. ಇನ್ನೊಂದು ಬೂಟನ್ನೂ ಕಳಚಿ ನಾನು ಅವರ ಪಕ್ಕ ಕೂತೆ. ಟ್ಯಾಕ್ಸಿಯವನು ಎಲ್ಲರಿಗೂ ಟೀ ಹೇಳಿದ. ನಮಗೇನೂ ಅವಸರವಿರಲಿಲ್ಲ.